ಸೈಕ್ಲೋಕ್ರಾಸ್ ಅಭ್ಯಾಸಕ್ಕೆ ತೀರ್ಪುಗಾರರನ್ನು ಕೂರಿಸಿದ ನನ್ನ ಅನುಭವ

ಸೈಕ್ಲೋಕ್ರಾಸ್ ಎಂದರೆ ಚಳಿಗಾಲದಲ್ಲಿ ಹುಲ್ಲು, ಕೆಸರು, ಮರಳಿನ ದಾರಿಯಲ್ಲಿ ಸುತ್ತು ಹಾಕುವ ಸೈಕಲ್ ಪಂದ್ಯ, ಅಡ್ಡಿ ಬಂದಲ್ಲಿ ಇಳಿದು ಸೈಕಲ್ಲನ್ನು ಎತ್ತಿಕೊಂಡು ಓಡಬೇಕು. ಬೆಲ್ಜಿಯಮ್ಮಿನ ಲುವೆನ್ ಸುತ್ತಮುತ್ತ ನಡೆಯುವ ಹವ್ಯಾಸಿ ಸೈಕ್ಲೋಕ್ರಾಸ್ ಪಂದ್ಯಗಳಲ್ಲಿ, ನಲವತ್ತೈದು ದಾಟಿದವರ ವರ್ಗದಲ್ಲಿ, ನಾನು ಹಲವು ವರ್ಷ ಕೊನೆಯ ಐದಾರು ಮಂದಿಯ ನಡುವೆಯೇ ಮುಗಿಸುತ್ತಿದ್ದೆ. ಕಳೆದ ಎರಡು ಚಳಿಗಾಲಗಳಲ್ಲಿ, ಮೂವತ್ತು ಮೂವತ್ತೈದು ಮಂದಿ ಹೊರಡುವ ಪಂದ್ಯದಲ್ಲಿ, ಮೊದಲ ಹತ್ತರ ಆಸುಪಾಸಿನಲ್ಲಿ ಮುಗಿಸುತ್ತಿದ್ದೇನೆ. ಒಮ್ಮೆ ನಾಲ್ಕನೆಯವನಾಗಿಯೂ ಬಂದಿದ್ದೇನೆ. ಈ ಅವಧಿಯಲ್ಲಿ ನನ್ನ ಕಾಲಿನ ಶಕ್ತಿ ಹೆಚ್ಚಿಲ್ಲ, ತುಳಿಯುವ ಬಲವನ್ನು ಅಳೆಯುವ ಪವರ್ ಮೀಟರನ್ನು ನಂಬುವುದಾದರೆ ತುಸು ಇಳಿದೇ ಇದೆ. ಬದಲಾದದ್ದು ಅಭ್ಯಾಸದ ಕ್ರಮ. ಸೈಕಲ್ಲಿನಿಂದ ಇಳಿಯುವುದು, ಅದನ್ನು ಎತ್ತಿಕೊಂಡು ಓಡುವುದು, ಮತ್ತೆ ಹತ್ತುವುದು ಈ ಮೂರಕ್ಕೂ ತೀರ್ಪುಗಾರರನ್ನು ಕೂರಿಸಿ ಅಂಕ ಹಾಕಿಸಿಕೊಂಡೆ. ಗಡಿಯಾರವೊಂದೇ ಸತ್ಯ ಎಂದು ನಂಬಿದ ನಮ್ಮ ಕ್ಲಬ್ಬಿನಲ್ಲಿ ಈ ಯೋಚನೆಯನ್ನು ಕೇಳಿ ನಕ್ಕವರೇ ಹೆಚ್ಚು. ಈಗ ಅವರಲ್ಲೇ ಕೆಲವರು ಅಂಕ ಹಾಕುವ ನನ್ನ ಪಟ್ಟಿಯನ್ನು ಕೇಳಿ ಪಡೆದಿದ್ದಾರೆ, ಆದ್ದರಿಂದ ಬರೆಯುವ ಧೈರ್ಯ ಬಂದಿದೆ.

ಸೈಕಲ್ ಪಂದ್ಯ ನನಗೆ ಹೊಸದೇನಲ್ಲ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ರಸ್ತೆ ಮತ್ತು ಟ್ರ್ಯಾಕ್ ಸೈಕ್ಲಿಂಗಿನಲ್ಲಿ ಮಾಡಿರುವ ಹೆಸರು ಓದುಗರಿಗೆ ಗೊತ್ತೇ ಇದೆ. ಶಾಲೆಯ ದಿನಗಳಲ್ಲಿ ನಾನೂ ಅದರ ಅಂಚಿನಲ್ಲಿ ಓಡಾಡಿದವನು. ಇಲ್ಲಿಗೆ ಕೆಲಸಕ್ಕೆ ಬಂದ ಮೇಲೂ ರಸ್ತೆಯ ಗುಂಪು ಸವಾರಿಯಲ್ಲಿ ಹಿಂದೆ ಬಿದ್ದವನಲ್ಲ. ಆದರೆ ಅಕ್ಟೋಬರ್ ಬಂದು ಹುಲ್ಲುಗಾವಲಿನಲ್ಲಿ ಗೂಟ ನೆಟ್ಟು ಪಟ್ಟಿ ಎಳೆದ ಕೂಡಲೇ, ರಸ್ತೆಯಲ್ಲಿ ನನ್ನ ಬೆನ್ನ ಹಿಂದೆ ಅಡಗಿ ಬರುತ್ತಿದ್ದ ಅರವತ್ತರ ಹಿರಿಯರು ನನ್ನನ್ನು ಸಲೀಸಾಗಿ ದಾಟಿ ಹೋಗುತ್ತಿದ್ದರು.

ಎಲ್ಲರೂ ಮಾಡುವಂತೆ ನಾನೂ ಮೊದಲು ಹಣ ಸುರಿದೆ. ಬಳಸಿದ ಕಾರ್ಬನ್ ಗಾಲಿಗಳ ಜೋಡಿಗೆ ಎಂಟುನೂರು ಯೂರೋಗಿಂತ ಮೇಲಾಯಿತು. ಕೈಯಲ್ಲಿ ಹೊಲಿದ, ರಿಮ್ಮಿಗೆ ಅಂಟಿಸುವ ಟ್ಯೂಬ್ಯುಲರ್ ಟೈರುಗಳು ಒಂದಕ್ಕೆ ತೊಂಬತ್ತರ ಹತ್ತಿರ, ಅದೂ ಕೆಸರಿಗೆ ಒಂದು ಜೊತೆ, ಮರಳಿಗೆ ಇನ್ನೊಂದು ಜೊತೆ. ಅಂಟು ಹಾಕಿಸಿದ್ದಕ್ಕೆ ಬೇರೆ ಲೆಕ್ಕ. ಆ ಅಂಟು ಎಷ್ಟು ಚೆನ್ನಾಗಿತ್ತೆಂದರೆ, ಇಳಿಜಾರಿನ ಅಡ್ಡ ತಿರುವೊಂದರಲ್ಲಿ ಹಿಂದಿನ ಟೈರು ರಿಮ್ಮನ್ನು ಬಿಟ್ಟು ಹೊರಬಂದು, ಅರ್ಧ ಸುತ್ತನ್ನು ನಡೆದೇ ಮುಗಿಸಬೇಕಾಯಿತು. ಅಂಗಡಿಯ ಹೆಸರು ಬೇಡ. ಇದರ ಮೇಲೆ ಒಂದು ಇಡೀ ಚಳಿಗಾಲ ತರಬೇತುದಾರರೊಬ್ಬರಿಗೆ ತಿಂಗಳಿಗೆ ನೂರರಂತೆ ಕೊಟ್ಟು, ಅವರು ಹೇಳಿದ ಇಂಟರ್ವಲ್‌ಗಳನ್ನೆಲ್ಲ (ನಡುನಡುವೆ ಬಿಡುವು ಕೊಟ್ಟು ಜೋರಾಗಿ ತುಳಿಯುವ ಅಭ್ಯಾಸ) ಮುಗಿಸಿದೆ. ಒಟ್ಟು ಎರಡು ಸಾವಿರ ಯೂರೋ ದಾಟಿತು, ನಮ್ಮ ರೂಪಾಯಿಯಲ್ಲಿ ಎರಡು ಲಕ್ಷದ ಹತ್ತಿರ. ಸ್ಥಾನ ಮಾತ್ರ ಕದಲಲಿಲ್ಲ. ಹವ್ಯಾಸಿ ಪಂದ್ಯದ ಪ್ರವೇಶ ಶುಲ್ಕ ಏಳೆಂಟು ಯೂರೋ ಇರುವಾಗ, ಅಷ್ಟು ಹಣಕ್ಕೆ ಬಾಳಿನುದ್ದಕ್ಕೂ ಪಂದ್ಯ ಓಡಬಹುದಿತ್ತು ಎಂದು ಮನೆಯಲ್ಲಿ ಈಗಲೂ ಕೇಳಿಸಿಕೊಳ್ಳುತ್ತೇನೆ.

ಸೆಕೆಂಡುಗಳು ಎಲ್ಲಿ ಸೋರುತ್ತಿವೆ ಎಂದು ತಿಳಿಯಲು ಗಡಿಯಾರ ಹಿಡಿದದ್ದು ಆಮೇಲೆ. ದಾರಿಗೆ ಅಡ್ಡವಾಗಿ ನಿಲ್ಲಿಸಿದ ತಡೆ ಹಲಗೆಗಳಿಗೆ ಹತ್ತು ಮೀಟರ್ ಮೊದಲು ಒಂದು ಗೂಟ, ಅವು ಮುಗಿದು ಹದಿನೈದು ಮೀಟರ್ ಆಚೆ ಇನ್ನೊಂದು ಗೂಟ, ನಡುವಿನ ಸಮಯ ಎಷ್ಟು ಎಂದು ಅಳೆದೆವು. ನನಗೆ ಒಂಬತ್ತು ಸೆಕೆಂಡಿನ ಹತ್ತಿರ, ನಮ್ಮ ಕ್ಲಬ್ಬಿನಲ್ಲಿ ಚೆನ್ನಾಗಿ ದಾಟುವವರಿಗೆ ಏಳು. ಒಂದು ಸುತ್ತಿನಲ್ಲಿ ಹಲಗೆ, ಮೆಟ್ಟಿಲು, ಮರಳಿನ ಗುಂಡಿ, ಕೆಸರಿನ ದಿಬ್ಬ ಎಂದು ಇಳಿಯಲೇಬೇಕಾದ ಜಾಗಗಳು ನಾಲ್ಕಾದರೂ ಇರುತ್ತವೆ. ನಲವತ್ತು ನಿಮಿಷದ ಪಂದ್ಯದಲ್ಲಿ ಆರು ಸುತ್ತು. ಗುಣಿಸಿದರೆ ಮುಕ್ಕಾಲು ನಿಮಿಷಕ್ಕಿಂತ ಮೇಲಾಗುತ್ತದೆ. ನಮ್ಮ ವರ್ಗದಲ್ಲಿ ಹನ್ನೆರಡನೆಯವನಿಗೂ ಇಪ್ಪತ್ತನೆಯವನಿಗೂ ನಡುವಿನ ಅಂತರ ಅಷ್ಟೇ.

ರೋಗ ಗೊತ್ತಾಯಿತು, ಮದ್ದು ಗೊತ್ತಾಗಲಿಲ್ಲ. ಎರಡು ಸೆಕೆಂಡು ಹೋಗಿದೆ ಎಂದು ಗಡಿಯಾರ ಹೇಳುತ್ತದೆಯೇ ಹೊರತು, ಯಾವ ಕಾಲು, ಯಾವ ಕೈ, ಯಾವ ಹೆಜ್ಜೆ ಅದನ್ನು ಕಳೆಯಿತು ಎಂದು ಹೇಳುವುದಿಲ್ಲ. ಗಡಿಯಾರವನ್ನಷ್ಟೇ ನೋಡಿಕೊಂಡು ಇನ್ನೂ ವೇಗವಾಗಿ ಮಾಡಲು ಹೋದಾಗಲೆಲ್ಲ ಅವಸರದಿಂದ ಬೇಗನೆ ಇಳಿದು ಹೆಚ್ಚು ದೂರ ಓಡುತ್ತಿದ್ದೆ, ಸಮಯ ಇನ್ನಷ್ಟು ಕೆಡುತ್ತಿತ್ತು.

2022ರ ನವೆಂಬರಿನಲ್ಲಿ ಗೆಂಟ್ ನಗರದಲ್ಲಿ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ (ಯುಸಿಐ) ಒಳಾಂಗಣ ಸೈಕ್ಲಿಂಗ್ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು. ಅಲ್ಲಿನ ಕಲಾತ್ಮಕ ಸೈಕ್ಲಿಂಗನ್ನು ಕಂಡವರು ನಮ್ಮಲ್ಲಿ ಕಡಿಮೆ. ಫ್ರೀವ್ಹೀಲ್ ಇಲ್ಲದ, ಅಂದರೆ ಗಾಲಿಯ ಜೊತೆ ಪೆಡಲೂ ತಿರುಗುತ್ತಲೇ ಇರುವ ಸೈಕಲ್ಲಿನ ಮೇಲೆ ಹ್ಯಾಂಡಲ್ ಹಿಡಿದು ತಲೆಕೆಳಗಾಗಿ ನಿಲ್ಲುವುದು, ಮುಂದಿನ ಗಾಲಿ ಎತ್ತಿ ಹಿಮ್ಮುಖವಾಗಿ ವೃತ್ತ ಸುತ್ತುವುದು, ಇಂಥವನ್ನೆಲ್ಲ ಐದು ನಿಮಿಷದಲ್ಲಿ ಮಾಡಿ ಮುಗಿಸಬೇಕು. ಕಸರತ್ತು ನನ್ನನ್ನು ಬೆರಗುಗೊಳಿಸಿದ್ದು ನಿಜ, ಆದರೆ ಹೆಚ್ಚು ಹೊತ್ತು ನೋಡಿದ್ದು ಮೇಜಿನ ಹಿಂದೆ ಕುಳಿತವರನ್ನು. ಆಟಗಾರರು ತಾವು ಮಾಡಲಿರುವ ವರಸೆಗಳ ಪಟ್ಟಿಯನ್ನು ಮೊದಲೇ ಒಪ್ಪಿಸಿರುತ್ತಾರೆ. ಪ್ರತಿ ವರಸೆಗೂ ನಿಯಮಪುಸ್ತಕದಲ್ಲಿ ಬೆಲೆ ಕಟ್ಟಲಾಗಿದೆ. ಒಟ್ಟು ಮೊತ್ತ ಅಂಗಣಕ್ಕೆ ಬರುವ ಮೊದಲೇ ಫಲಕದ ಮೇಲೆ ಕಾಣುತ್ತದೆ. ಚೆನ್ನಾಗಿತ್ತೇ ಚೆನ್ನಾಗಿರಲಿಲ್ಲವೇ ಎಂದು ತೀರ್ಪುಗಾರರನ್ನು ಯಾರೂ ಕೇಳುವುದಿಲ್ಲ. ಕಾಲು ಅಲುಗಿತೇ, ವೃತ್ತ ಪೂರ್ತಿಯಾಯಿತೇ, ನೆಲ ಮುಟ್ಟಿದರೇ ಎಂಬುದನ್ನು ನೋಡಿ, ಒಂದೊಂದಕ್ಕೂ ಗೊತ್ತುಮಾಡಿದ ಅಂಕವನ್ನು ಅವರು ಕಳೆಯುತ್ತಾ ಹೋಗುತ್ತಾರೆ. ಗಡಿಯಾರ ನನಗೆ ಹೇಳದೆ ಉಳಿಸಿದ್ದನ್ನೇ ಇವರು ಬರೆದುಕೊಳ್ಳುತ್ತಿದ್ದರು.

ಇದೇ ಕ್ರಮವನ್ನು ಹಲಗೆ ದಾಟುವ ಅಭ್ಯಾಸಕ್ಕೂ ತರಲು ಹೊರಟೆ. ಕಡಿತದ ನನ್ನ ಮೊದಲ ಪಟ್ಟಿ ಉದ್ದವಾಗಿತ್ತು, ಇಪ್ಪತ್ತಕ್ಕೂ ಹೆಚ್ಚು ಅಂಶಗಳಿದ್ದವು. ಎಂಟು ಸೆಕೆಂಡಿನಲ್ಲಿ ಕಣ್ಣಿನ ಮುಂದೆ ಮುಗಿದುಹೋಗುವ ಕ್ರಿಯೆಯಲ್ಲಿ ಇಪ್ಪತ್ತು ಅಂಶಗಳನ್ನು ಯಾರೂ ನೋಡಲಾರರು; ಫೋನಿನಲ್ಲಿ ಚಿತ್ರೀಕರಿಸಿ ನಿಧಾನಗತಿಯಲ್ಲಿ ನೋಡಿದರೂ ಒಂದೊಂದು ಓಟಕ್ಕೆ ಕಾಲು ಗಂಟೆ ಹಿಡಿಯುತ್ತಿತ್ತು, ಅಭ್ಯಾಸಕ್ಕಿಂತ ಚರ್ಚೆಯೇ ಹೆಚ್ಚಾಗುತ್ತಿತ್ತು. ಕತ್ತರಿಸುತ್ತಾ ಬಂದು ಕೊನೆಗೆ ಏಳಕ್ಕೆ ನಿಂತೆ. ಜಿಮ್ನಾಸ್ಟಿಕ್ಸಿನ ಕ್ರಮದಂತೆ ಹತ್ತು ಅಂಕದಿಂದ ಆರಂಭ. ಸಣ್ಣ ದೋಷಕ್ಕೆ 0.1, ನಡುವಿನದಕ್ಕೆ 0.3, ದೊಡ್ಡದಕ್ಕೆ 0.5, ಬಿದ್ದರೆ ಪೂರ್ತಿ 1. ಬಲಗಾಲು ಸೀಟಿನ ಹಿಂದಿನಿಂದ ದಾಟಿ ಬಂದ ಮೇಲೆ ಬ್ರೇಕ್ ಮುಟ್ಟಿದರೆ 0.3. ಬೂಟನ್ನು ಪೆಡಲಿಗೆ ಸಿಕ್ಕಿಸುವ ಎಡಗಾಲಿನ ಕ್ಲೀಟ್ ಕೊನೆಯ ಕ್ಷಣಕ್ಕೆ ಮೊದಲೇ ಬಿಚ್ಚಿಕೊಂಡರೆ 0.1, ಬಿಚ್ಚದೆ ಸಿಕ್ಕಿಕೊಂಡರೆ 0.5. ಎರಡು ಹಲಗೆಗಳ ನಡುವೆ ನಾವು ಬಿಟ್ಟ ನಾಲ್ಕು ಮೀಟರ್ ಅಂತರದಲ್ಲಿ ಹೆಜ್ಜೆ ತಡವರಿಸಿದರೆ 0.5. ಸೈಕಲ್ಲನ್ನು ಬೇಕಾದ್ದಕ್ಕಿಂತ ಒಂದು ಗೇಣು ಹೆಚ್ಚು ಎತ್ತಿದರೆ 0.1. ಮತ್ತೆ ಹತ್ತುವಾಗ ಒಂದೇ ನೆಗೆತಕ್ಕೆ ತೊಡೆಯ ಒಳಭಾಗ ಸೀಟಿನ ಮೇಲೆ ಬೀಳಬೇಕು, ನಡುವೆ ಕುಪ್ಪಳಿಸಿದರೆ 0.5. ಇವು ಐದು. ಉಳಿದೆರಡನ್ನು ಇಲ್ಲಿ ಬರೆಯುವುದಿಲ್ಲ. ಒಂದು ಪೆಡಲಿಗೆ ಸಂಬಂಧಿಸಿದ್ದು, ಇನ್ನೊಂದು ಕಣ್ಣಿನ ನೋಟಕ್ಕೆ ಸಂಬಂಧಿಸಿದ್ದು ಎಂದಷ್ಟೇ ಹೇಳುತ್ತೇನೆ. ನನ್ನ ವರ್ಗದಲ್ಲಿ ಕನ್ನಡ ಓದಬಲ್ಲವರು ಇನ್ನೂ ಇಬ್ಬರಿದ್ದಾರೆ.

ತೀರ್ಪುಗಾರರಾಗಿ ಮೂವರನ್ನು ಒಪ್ಪಿಸಿದೆ. ಒಬ್ಬರು ನಲವತ್ತು ವರ್ಷದಿಂದ ಈ ಪಂದ್ಯಗಳನ್ನು ಓಡುತ್ತಿರುವ ನಿವೃತ್ತ ಶಿಕ್ಷಕರು. ಇನ್ನೊಬ್ಬರು ಮಹಿಳೆಯರ ವರ್ಗದಲ್ಲಿ ಗೆಲ್ಲುವ ಮಟ್ಟದ ಯುವತಿ. ಮೂರನೆಯವನು ಧಾರವಾಡದಿಂದ ಸಂಶೋಧನೆಗೆ ಬಂದಿದ್ದ ಹುಡುಗ, ಜೀವನದಲ್ಲಿ ಸೈಕ್ಲೋಕ್ರಾಸ್ ಪಂದ್ಯವನ್ನೇ ನೋಡದವನು. ಶನಿವಾರ ಮಧ್ಯಾಹ್ನ ಒಂದೂವರೆ ಗಂಟೆ ಕೆಲಸ, ಕೊನೆಗೆ ಕರಿದ ಆಲೂಗೆಡ್ಡೆ ಮತ್ತು ಬಿಯರಿನ ಖರ್ಚು ನನ್ನದು. ಇಡೀ ಪ್ರಯೋಗದಲ್ಲಿ ನಾನು ಮಾಡಿದ ದೊಡ್ಡ ವೆಚ್ಚ ಅದೇ, ಎರಡು ಚಳಿಗಾಲಕ್ಕೆ ಇನ್ನೂರೈವತ್ತು ಯೂರೋ ಆಗಿರಬಹುದು.

ಅಂಕಗಳು ಬರತೊಡಗಿದಾಗ ಮೂವರಲ್ಲಿ ಗಡಿಯಾರಕ್ಕೆ ಅತಿ ಹತ್ತಿರವಾಗಿ ಅಂಕ ಹಾಕುತ್ತಿದ್ದವನು ಧಾರವಾಡದ ಹುಡುಗ. ಹೆಚ್ಚು ಅಂಕ ಸಿಕ್ಕ ಓಟ ಕಡಿಮೆ ಸಮಯದ ಓಟವೂ ಆಗಿರಬೇಕು ಎಂಬುದು ನಾನು ಇಟ್ಟುಕೊಂಡಿದ್ದ ಪರೀಕ್ಷೆ. ಶಿಕ್ಷಕರ ಅಂಕಗಳು ನನ್ನ ಜೊತೆ ಓಡುತ್ತಿದ್ದವರಲ್ಲಿ ಕ್ಲಬ್ಬಿನ ಹಳೆಯ ಹುಲಿಗಳಿಗೆ ಧಾರಾಳವಾಗಿದ್ದವು, ಹೊಸಬರಿಗೆ ಜಿಪುಣವಾಗಿದ್ದವು. ಯುವತಿ ತನ್ನಂತೆಯೇ ಇಳಿಯುವವರಿಗೆ ಒಲಿದಿದ್ದಳು. ಹುಡುಗನಿಗೆ ಯಾರ ಹೆಸರೂ ಗೊತ್ತಿರಲಿಲ್ಲ, ಯಾವ ಶೈಲಿಯೂ ಗೊತ್ತಿರಲಿಲ್ಲ, ಅವನ ಕೈಯಲ್ಲಿ ಇದ್ದದ್ದು ಪಟ್ಟಿ ಮಾತ್ರ. "ಅಣ್ಣಾರ, ನೀವು ಇಳಿಯೂಕಿಂತ ಮೊದಲ ಎರಡು ಸಲ ಬ್ರೇಕ್ ಹಿಡೀತೀರಿ ನೋಡ್ರಿ" ಎಂದು ಅವನು ಹೇಳಿದ ದಿನ, ಕಾರ್ಬನ್ ಗಾಲಿ ಕೊಡದ ಅರ್ಧ ಸೆಕೆಂಡು ನನಗೆ ಪುಕ್ಕಟೆ ಸಿಕ್ಕಿತು.

ಇಲ್ಲಿಂದ ಉಪಪ್ರಯೋಗಗಳು ಶುರುವಾದವು. ಎಲ್ಲರಿಗೂ ಒಂದೇ ಬಣ್ಣದ ಮಳೆಯಂಗಿ ಹಾಕಿಸಿ, ಹೆಲ್ಮೆಟ್ಟಿಗೆ ಕಪ್ಪು ಬಟ್ಟೆ ಸುತ್ತಿಸಿ, ಸೊಂಟದಿಂದ ಕೆಳಗಷ್ಟೇ ಕಾಣುವಂತೆ ಚಿತ್ರೀಕರಿಸಿದೆವು. ಶಿಕ್ಷಕರ ಅಂಕಪಟ್ಟಿಯ ಕ್ರಮ ಅಂದೇ ಬದಲಾಯಿತು, ಅವರ ನೆಚ್ಚಿನ ಹಳಬರೊಬ್ಬರು ತಳಕ್ಕಿಳಿದರು. ದೊಡ್ಡ ಮನಸ್ಸಿನವರು, ಅದನ್ನು ಸ್ವತಃ ಎಲ್ಲರಿಗೂ ಹೇಳಿಕೊಂಡು ನಕ್ಕರು. ಓಟಗಳ ಕ್ರಮವನ್ನು ಕಲಸಿ ತೋರಿಸಿದಾಗ, ಕೊನೆಯಲ್ಲಿ ಕಾಣುವ ಓಟಕ್ಕೆ ಅಂಕ ಸ್ವಲ್ಪ ಏರುವ ಗುಣ ಮೂವರಲ್ಲೂ ಕಂಡಿತು. ಹುಡುಗನೂ ಇದಕ್ಕೆ ಹೊರತಾಗಿರಲಿಲ್ಲ. ಅಂದಿನಿಂದ ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ದೃಶ್ಯಗಳನ್ನು ಕಳಿಸುತ್ತೇನೆ, ಮೂವರ ಅಂಕಗಳಲ್ಲಿ ನಡುವಿನದನ್ನು ತೆಗೆದುಕೊಳ್ಳುತ್ತೇನೆ. ಪಟ್ಟಿಯನ್ನೂ ಗಡಿಯಾರದ ಮುಂದೆ ನಿಲ್ಲಿಸಿ ಸೋಸಿದೆ. ಹಲಗೆಯ ಮೇಲಿನ ನೆಗೆತ ಎಷ್ಟು ಚೆಂದ ಎಂಬುದಕ್ಕೆ ಮೊದಲು ಅಂಕವಿತ್ತು. ಅದಕ್ಕೂ ಸಮಯಕ್ಕೂ ಯಾವ ಸಂಬಂಧವೂ ಕಾಣದ್ದರಿಂದ ಅದು ಪಟ್ಟಿಯಿಂದ ಹೊರಬಿತ್ತು. ತಡವರಿಸಿದ ಹೆಜ್ಜೆ ನೋಡಲು ಏನೇನೂ ಅನ್ನಿಸುವುದಿಲ್ಲ, ಆದರೆ ಅದೊಂದೇ ಅರ್ಧ ಸೆಕೆಂಡಿಗಿಂತ ಹೆಚ್ಚು ತಿನ್ನುತ್ತದೆ. ಆದ್ದರಿಂದ ಅದರ ಕಡಿತವನ್ನು 0.3ರಿಂದ 0.5ಕ್ಕೆ ಏರಿಸಿದೆ.

ಟೈರಿನ ಗಾಳಿಯ ವಿಷಯದಲ್ಲೂ ಇದೇ ದಾರಿ ಹಿಡಿದೆ. ಟ್ಯೂಬ್ಯುಲರನ್ನು ಮಾರಿ ಸಾಧಾರಣ ರಿಮ್ಮಿಗೆ 33 ಮಿಲಿಮೀಟರಿನ ಟ್ಯೂಬ್‌ಲೆಸ್ ಹಾಕಿಸಿಕೊಂಡಿದ್ದೆ. ಗೆಳೆಯರೊಬ್ಬರು ಪಂಪಿನ ಮುಳ್ಳನ್ನು ನನಗೆ ತೋರಿಸದೆ ಗಾಳಿಯ ಒತ್ತಡವನ್ನು 1.3, 1.5, 1.8 ಬಾರ್ ಹೀಗೆ ಬದಲಿಸುತ್ತಾ ಹೋದರು. ಪ್ರತಿ ಸುತ್ತಿನ ಬಳಿಕ ಯಾವುದು ವೇಗವಾಗಿತ್ತು ಎಂದು ನಾನು ಹೇಳಬೇಕಿತ್ತು. ಗಟ್ಟಿ ಟೈರಿನ ಕುಲುಕಾಟವನ್ನೇ ನಾನು ವೇಗ ಎಂದು ಪದೇ ಪದೇ ಹೇಳಿದೆ. ಗಡಿಯಾರ ಒದ್ದೆ ಹುಲ್ಲಿನಲ್ಲಿ ಪ್ರತಿಬಾರಿಯೂ ಮೆತ್ತನೆಯ ಟೈರನ್ನೇ ಆರಿಸಿತು. ಈಗ ನನ್ನ ಎಪ್ಪತ್ತು ಕಿಲೋ ತೂಕಕ್ಕೆ ಕೆಸರಿನಲ್ಲಿ ಮುಂದೆ 1.3, ಹಿಂದೆ 1.4ರ ಆಸುಪಾಸಿನಲ್ಲಿ ಹೊರಡುತ್ತೇನೆ. ಕಲ್ಲಿನ ಅಂಚಿಗೆ ರಿಮ್ಮು ತಾಗುವ ಸದ್ದಿಗೆ ಕಿವಿ ಒಗ್ಗಿಸಿಕೊಳ್ಳಬೇಕು, ಅಷ್ಟೇ.

ಹಲಗೆಯ ಮೇಲೆ ಸೈಕಲ್ ಸಮೇತ ಹಾರುವುದನ್ನೂ ಅಳೆದು ನೋಡಿದೆವು. ಸಣ್ಣ ಗಾಲಿಯ ಬಿಎಂಎಕ್ಸ್ ಸೈಕಲ್ಲಿನ ಹಿನ್ನೆಲೆಯಿಂದ ಬಂದ ಸೈಕ್ಲೋಕ್ರಾಸ್ ಚಾಂಪಿಯನ್ ಸ್ವೆನ್ ನೈಸ್ ಅದನ್ನು ಬೆಲ್ಜಿಯಮ್ಮಿನ ಮನೆಮಾತಾಗಿಸಿದವರು, ಇಂದು ಮುಂಚೂಣಿಯಲ್ಲಿರುವ ಬಹಳಷ್ಟು ಜನ ಇಳಿಯದೆಯೇ ದಾಟುತ್ತಾರೆ. ನಮ್ಮ ಕ್ಲಬ್ಬಿನ ಯುವಕನೊಬ್ಬ ಸರಿಯಾಗಿ ಹಾರಿದಾಗ ಇಳಿದು ಓಡಿದವರಿಗಿಂತ ಒಂದು ಸೆಕೆಂಡಿನಷ್ಟು ಗಳಿಸುತ್ತಿದ್ದ, ತಪ್ಪಿದಾಗ ಹತ್ತು ಕಳೆಯುತ್ತಿದ್ದ. ನಲವತ್ತು ಸೆಂಟಿಮೀಟರ್ ಹಲಗೆಗೆ ಚೈನ್‌ರಿಂಗ್ (ಪೆಡಲಿನ ಬಳಿಯ ಹಲ್ಲುಚಕ್ರ) ಬಡಿದು ಹಲ್ಲುಗಳು ಬಾಗಿದ ಮೇಲೆ, ನನ್ನ ವಯಸ್ಸಿನವರಿಗೆ ಆ ಲೆಕ್ಕ ಹೊಂದುವುದಿಲ್ಲ ಎಂದು ಬಿಟ್ಟೆ. ಹೊಸ ರಿಂಗಿಗೆ ಅರವತ್ತು ಯೂರೋ ಹೋಯಿತು.

ಕೆಸರಿನ ವಿಷಯದಲ್ಲಿ ಮಾತ್ರ ನನಗೆ ಯಾವ ತೀರ್ಪುಗಾರನೂ ಬೇಕಾಗಲಿಲ್ಲ, ನಮ್ಮ ಎರೆಹೊಲವೇ ಕಲಿಸಿತ್ತು. ಎರೆಮಣ್ಣು ನೀರು ನಿಂತಾಗ ಅಷ್ಟಾಗಿ ಅಂಟುವುದಿಲ್ಲ. ಮಳೆ ಬಿಟ್ಟು ಬಿಸಿಲು ಬಿದ್ದು ಅರೆಬರೆ ಆರಿದಾಗ ಚಕ್ಕಡಿಯ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಲುವೆನ್‌ನ ದಕ್ಷಿಣಕ್ಕಿರುವ ಗೋಡುಮಣ್ಣಿನ ದಿಬ್ಬಗಳೂ, ಕರಾವಳಿಯ ಜೇಡಿಮಣ್ಣೂ ಇದೇ ಗುಣದವು. ಉತ್ತರದ ಕೆಂಪೆನ್ ಕಡೆಯ ಮರಳು ನೆಲದ ನಿಯಮ ಬೇರೆ. ನನ್ನ ಜೊತೆಗಾರರು ನೀರು ನಿಂತ ಕೆಸರು ಕಂಡೊಡನೆ ಇಳಿದು ಓಡುತ್ತಾರೆ, ಆರುತ್ತಿರುವ ಮಣ್ಣಿನಲ್ಲಿ ಸವಾರಿ ಮಾಡುತ್ತಾರೆ. ನಾನು ತದ್ವಿರುದ್ಧ. ನೀರುಕೆಸರಿನಲ್ಲಿ ತುಳಿಯುತ್ತೇನೆ, ಆರುತ್ತಿರುವ ಮಣ್ಣಿನಲ್ಲಿ ಗಾಲಿ ಉರುಳಲೂ ಬಿಡದೆ ಹೆಗಲಿಗೆ ಹಾಕಿಕೊಳ್ಳುತ್ತೇನೆ. ಪಿಟ್‌ನಲ್ಲಿ, ಅಂದರೆ ಸೈಕಲ್ ಬದಲಿಸುವ ಜಾಗದಲ್ಲಿ, ತೊಳೆದು ಕೊಡುವವರೂ, ಎರಡನೇ ಸೈಕಲ್ಲೂ ಇಲ್ಲದವರಿಗೆ ಇದೇ ಸರಿ. ಒಂಬತ್ತು ಕಿಲೋದ ಸೈಕಲ್ಲಿಗೆ ಮೂರು ಕಿಲೋ ಮಣ್ಣು ಮೆತ್ತಿಕೊಂಡ ಮೇಲೆ ಪ್ರತಿ ಇಳಿಯುವಿಕೆಯಲ್ಲೂ ಅದನ್ನು ಎತ್ತಬೇಕಾಗುತ್ತದೆ. ಫ್ರೇಮಿಗೆ ಪಂದ್ಯದ ಮುನ್ನ ಏನು ಸವರುತ್ತೇನೆ ಎಂಬುದು ನನ್ನಲ್ಲೇ ಇರಲಿ.

ಕ್ಲಬ್ಬಿನ ಮೇಜಿನ ಸುತ್ತ ಈ ಪ್ರಯೋಗ ಬೇರೊಂದು ವಾದವನ್ನು ಎಬ್ಬಿಸಿತು. ಅಂಕ ಹಾಕಿ ಗೆಲ್ಲಿಸುವ ಆಟಗಳಿಗೆ ಒಲಿಂಪಿಕ್ಸಿನಲ್ಲಾಗಲಿ ವಿಶ್ವ ಚಾಂಪಿಯನ್‌ಶಿಪ್‌ನಲ್ಲಾಗಲಿ ಜಾಗವಿರಬಾರದು, ಗೆರೆ ದಾಟಿದವನೇ ಗೆದ್ದವನು ಎಂಬುದು ಅಲ್ಲಿ ಬಹುಮತ. ಅವರಿಗೆ ಉರಿಯುವ ಕಾರಣವೂ ಇದೆ. ಯುಸಿಐಯದೇ ಆಟವಾದ, ಸೈಕಲ್ಲಿನ ಮೇಲೆ ಕಸರತ್ತು ಮಾಡುವ ಬಿಎಂಎಕ್ಸ್ ಫ್ರೀಸ್ಟೈಲ್ ಪೂರ್ತಿಯಾಗಿ ತೀರ್ಪುಗಾರರ ಆಟ. ಅದು ಟೋಕಿಯೋದಿಂದ ಒಲಿಂಪಿಕ್ಸಿನಲ್ಲಿದೆ. 1950ರಿಂದ ವಿಶ್ವ ಚಾಂಪಿಯನ್‌ಶಿಪ್ ನಡೆಸುತ್ತಿರುವ, ಅಳೆದು ಗೆಲ್ಲುವ ಸೈಕ್ಲೋಕ್ರಾಸ್‌ಗೆ ಅಲ್ಲಿ ಸ್ಥಾನ ಸಿಕ್ಕಿಲ್ಲ, ಏಕೆಂದರೆ ಅದು ಚಳಿಗಾಲದ ಆಟ, ಮತ್ತು ಚಳಿಗಾಲದ ಒಲಿಂಪಿಕ್ಸಿಗೆ ಹಿಮ ಅಥವಾ ಮಂಜುಗಡ್ಡೆಯ ಮೇಲಿನ ಆಟಗಳೇ ಬೇಕು ಎಂದು ಒಲಿಂಪಿಕ್ ಸನ್ನದು ಹೇಳುತ್ತದೆ. 2030ರ ಫ್ರೆಂಚ್ ಆಲ್ಪ್ಸ್ ಕೂಟಕ್ಕೆ ಸೇರಿಸಿ ಎಂದು ಯುಸಿಐ ಅಧ್ಯಕ್ಷ ಡೇವಿಡ್ ಲಪಾರ್ಟಿಯಾಂ ಒತ್ತಾಯಿಸಿದ್ದರ ಹಿನ್ನೆಲೆ ಇದು. ಆದರೆ ಈ ಅನ್ಯಾಯಕ್ಕೂ ತೀರ್ಪುಗಾರರಿಗೂ ಏನು ಸಂಬಂಧ?

ತೀರ್ಪಿನ ಆಟಗಳ ಹಗರಣಗಳನ್ನು ಒಂದೊಂದಾಗಿ ಎತ್ತಿ ನೋಡಿದರೆ, ನನ್ನ ಶನಿವಾರದ ಮೇಜಿನಲ್ಲಿ ಕಂಡದ್ದೇ ಅಲ್ಲಿಯೂ ಕಾಣುತ್ತದೆ. 1988ರ ಸೋಲ್ ಒಲಿಂಪಿಕ್ಸಿನ ಬಾಕ್ಸಿಂಗ್ ಫೈನಲ್ಲಿನಲ್ಲಿ ರಾಯ್ ಜೋನ್ಸ್ ಎದುರಾಳಿಯನ್ನು ಮೂರು ಸುತ್ತಿನಲ್ಲೂ ಬಡಿದು 3–2ರಿಂದ ಸೋತರು. ಮುಂದೆ ಗುಂಡಿ ಒತ್ತುವ ಯಂತ್ರ ಬಂತು, ಐವರಲ್ಲಿ ಮೂವರು ಒಂದು ಸೆಕೆಂಡಿನೊಳಗೆ ಒತ್ತಿದರೆ ಮಾತ್ರ ಅಂಕ ಎಂಬ ನಿಯಮ ಬಂತು. ಯಂತ್ರ ಬದಲಾದರೂ ತೀರ್ಪುಗಾರರನ್ನು ಯಾರು ನೇಮಿಸುತ್ತಾರೆ ಎಂಬುದು ಬದಲಾಗಲಿಲ್ಲ. 2016ರ ರಿಯೋದಲ್ಲಿ ಮತ್ತೆ ಗದ್ದಲವಾಗಿ, 2019ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಬಾಕ್ಸಿಂಗಿನ ಅಂತರರಾಷ್ಟ್ರೀಯ ಒಕ್ಕೂಟದ ಮಾನ್ಯತೆಯನ್ನು ಅಮಾನತಿನಲ್ಲಿಟ್ಟು ಟೋಕಿಯೋ, ಪ್ಯಾರಿಸ್ ಬಾಕ್ಸಿಂಗನ್ನು ತಾನೇ ನಡೆಸಬೇಕಾಯಿತು. ಜಿಮ್ನಾಸ್ಟಿಕ್ಸಿನ ಕಥೆ ಬೇರೆ. 2004ರ ಅಥೆನ್ಸಿನಲ್ಲಿ ಕೊರಿಯಾದ ಯಾಂಗ್ ತೆ-ಯಂಗ್ ಅವರ ವರಸೆಯ ಆರಂಭಿಕ ಬೆಲೆಯನ್ನು 10ರ ಬದಲು 9.9 ಎಂದು ಬರೆದದ್ದರಿಂದ ಚಿನ್ನ ಅವರ ಕೈಯಿಂದ ಜಾರಿತು. ಆ ಬಳಿಕ 2006ರಲ್ಲಿ ಕ್ಲಿಷ್ಟತೆಗೆ ಬೇರೆ, ನಿರ್ವಹಣೆಗೆ ಬೇರೆ ಅಂಕ ಹಾಕುವ ಪದ್ಧತಿ ಬಂತು. ಯಾವ ಹತ್ತನೇ ಒಂದು ಅಂಕ ಎಲ್ಲಿ ಹೋಯಿತು ಎಂದು ಇಂದು ಯಾರು ಬೇಕಾದರೂ ಹುಡುಕಬಹುದು. ರಿಯೋದಲ್ಲಿ ದೀಪಾ ಕರ್ಮಾಕರ್ ಸರಾಸರಿ 15.066 ಪಡೆದು 0.15ರಿಂದ ಕಂಚು ತಪ್ಪಿಸಿಕೊಂಡಾಗ ನಮ್ಮಲ್ಲಿ ನೋವಿತ್ತು, ಆದರೆ ಅವರ ಪ್ರೊಡುನೋವಾ ವಾಲ್ಟಿಗೆ ಕ್ಲಿಷ್ಟತೆಯ 7.0 ಅಂಕ ಪೂರ್ತಿ ಸಿಕ್ಕಿದ್ದೂ, ನೆಲ ಮುಟ್ಟುವಾಗಿನ ಕಡಿತಗಳೂ ಎಲ್ಲರ ಕಣ್ಣೆದುರು ಇದ್ದವು.

ಫಿಗರ್ ಸ್ಕೇಟಿಂಗ್ ಈ ಎರಡರ ನಡುವೆ ನಿಲ್ಲುತ್ತದೆ. 2002ರ ಸಾಲ್ಟ್ ಲೇಕ್ ಸಿಟಿಯಲ್ಲಿ ಒಬ್ಬ ತೀರ್ಪುಗಾರ್ತಿಯ ಮತದ ಹಿಂದೆ ಒತ್ತಡವಿತ್ತೆಂಬ ಮಾತು ಹೊರಬಿದ್ದು ಕೆನಡಾದ ಜೋಡಿಗೂ ಚಿನ್ನ ಕೊಟ್ಟರು, ಗರಿಷ್ಠ 6.0 ಅಂಕದ ಹಳೆಯ ಪದ್ಧತಿಯನ್ನು ಕೈಬಿಟ್ಟು ಒಂದೊಂದು ಅಂಶಕ್ಕೂ ಅಂಕ ಕೊಡುವ ಪದ್ಧತಿ ತಂದರು. ಆದರೆ ಜೊತೆಗೇ ಯಾವ ಅಂಕ ಯಾರದು ಎಂಬುದನ್ನು ಮುಚ್ಚಿಟ್ಟರು. ಆ ಮುಸುಕನ್ನು ತೆಗೆಯಲು 2016ರವರೆಗೆ ಕಾಯಬೇಕಾಯಿತು. ನಮ್ಮ ಪ್ರಯೋಗದಲ್ಲಿ ನಾನು ಆಟಗಾರನ ಮುಖ ಮುಚ್ಚಿದೆ, ಅವರು ತೀರ್ಪುಗಾರನ ಮುಖ ಮುಚ್ಚಿದರು. ಎರಡರಲ್ಲಿ ಯಾವುದು ಕೆಲಸ ಮಾಡುತ್ತದೆ ಎಂದು ನಮ್ಮ ಶಿಕ್ಷಕರನ್ನು ಕೇಳಿದರೆ ಸಾಕು.

ಗೆರೆ ದಾಟುವ ಆಟಗಳಲ್ಲಿ ಮನುಷ್ಯನ ತೀರ್ಪೇ ಇಲ್ಲ ಎಂಬುದನ್ನಂತೂ ಸೈಕ್ಲೋಕ್ರಾಸ್ ಓಡುವವರು ಹೇಳಬಾರದು. ಯಾರು ಮೊದಲ ಸಾಲಿನಲ್ಲಿ ನಿಲ್ಲಬೇಕು, ಮುಂದಾಳುವಿನ ಸುತ್ತಿನ ಸಮಯದ ಶೇಕಡಾ 80ರಷ್ಟು ಹಿಂದೆ ಬಿದ್ದವರನ್ನು ಯಾವಾಗ ಹೊರಗೆಳೆಯಬೇಕು, ಹೆಪ್ಪುಗಟ್ಟಿದ ಇಳಿಜಾರನ್ನು ತೆಗೆಯಬೇಕೇ ಬಿಡಬೇಕೇ ಎಂಬುದನ್ನೆಲ್ಲ ಯಾರೋ ಕುಳಿತು ನಿರ್ಧರಿಸುತ್ತಾರೆ. 2013ರಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಓಹಿಯೋ ನದಿ ಉಕ್ಕಿದಾಗ ವಿಶ್ವ ಚಾಂಪಿಯನ್‌ಶಿಪ್‌ನ ಎಲ್ಲ ಓಟಗಳನ್ನೂ ಒಂದೇ ದಿನಕ್ಕೆ ತಂದರು. ಒಣ ನೆಲದವರಿಗೂ ಕೆಸರಿನವರಿಗೂ ಅದರ ಪರಿಣಾಮ ಒಂದೇ ಆಗಿರಲಾರದು. 2016ರ ಹ್ಯೂಸ್ಡೆನ್-ಜೋಲ್ಡರ್‌ನಲ್ಲಿ ಸೈಕಲ್ಲಿನೊಳಗೆ ಅಡಗಿದ್ದ ಮೋಟಾರನ್ನು ಹಿಡಿದದ್ದು ತಪಾಸಣೆಯವರು. ಗಡಿಯಾರ ಅದನ್ನೂ ಕಾಲಿನ ಶಕ್ತಿ ಎಂದೇ ಎಣಿಸುತ್ತಿತ್ತು. ಇನ್ನು 2024ರ ಪ್ಯಾರಿಸ್‌ನಲ್ಲಿ ತೀರ್ಪಿನ ಆಟವಾದ ಜಿಮ್ನಾಸ್ಟಿಕ್ಸಿನ ಕಂಚೊಂದು, ತರಬೇತುದಾರರ ಆಕ್ಷೇಪ ನಾಲ್ಕು ಸೆಕೆಂಡು ತಡವಾಯಿತೆಂಬ ಕಾರಣಕ್ಕೆ ಅಮೆರಿಕದ ಜೋರ್ಡನ್ ಚೈಲ್ಸ್ ಅವರಿಂದ ರೊಮೇನಿಯಾದ ಆನಾ ಬಾರ್ಬೋಸು ಅವರ ಪಾಲಾಯಿತು. ಪದಕವನ್ನು ಕೈ ಬದಲಿಸಿದ್ದು ಅಂಕದ ಲೆಕ್ಕವಲ್ಲ, ಗಡಿಯಾರ. ಪ್ರಕರಣ ಸ್ವಿಟ್ಜರ್ಲೆಂಡಿನ ನ್ಯಾಯಾಲಯದವರೆಗೂ ಹೋಯಿತು.

ನನ್ನ ನಿಲುವು ಇಷ್ಟು: ಪಟ್ಟಿ ಬಹಿರಂಗವಾಗಿರಬೇಕು, ಕಡಿತದ ಬೆಲೆ ಮೊದಲೇ ಗೊತ್ತಿರಬೇಕು, ಯಾರು ಎಷ್ಟು ಕಳೆದರು ಎಂಬುದು ಕಾಣಬೇಕು, ತೀರ್ಪುಗಾರರ ನೇಮಕ ಪದಕ ಬೇಕಾದವರ ಕೈಯಲ್ಲಿರಬಾರದು. ಇಷ್ಟಿರುವ ಆಟ ಯಾವ ಅಂತರರಾಷ್ಟ್ರೀಯ ಕೂಟಕ್ಕೂ ಅರ್ಹ. ಇಲ್ಲದ ಆಟವನ್ನು ತಡೆಯಲು ನನ್ನ ಅಭ್ಯಂತರವೇನೂ ಇಲ್ಲ. ಇದು ನಮಗೂ ತಟ್ಟುವ ಮಾತು. ಕೇಂದ್ರ ಕ್ರೀಡಾ ಸಚಿವಾಲಯ 2020ರ ಡಿಸೆಂಬರಿನಲ್ಲಿ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿದೆ, ಅದನ್ನು ಹೊರದೇಶಗಳ ಕೂಟಗಳಿಗೆ ಒಯ್ಯುವ ಉತ್ಸಾಹ ನಮ್ಮವರಲ್ಲಿ ಬಹಳವಿದೆ. ಅಂಕ ಹಾಕುವ ಕ್ರಮವನ್ನು ಮೊದಲು ಗಟ್ಟಿ ಮಾಡಿಕೊಳ್ಳದಿದ್ದರೆ ನಮ್ಮ ಕ್ಲಬ್ಬಿನವರಂಥವರು ನಗುತ್ತಾರೆ. ನೋಟದ ಸೊಗಸನ್ನು ಅಳತೆಗೆ ತರುವ ಜಾಣತನ ನಮ್ಮ ನೆಲಕ್ಕೆ ಹೊಸದೂ ಅಲ್ಲ. ಕಂಬಳದ ಕನೆಹಲಗೆ ವಿಭಾಗದಲ್ಲಿ ಕೋಣಗಳ ವೇಗಕ್ಕೆ ಬೆಲೆಯಿಲ್ಲ, ಹಲಗೆಯಿಂದ ಚಿಮ್ಮಿದ ನೀರು ಎತ್ತರದಲ್ಲಿ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಎತ್ತರದ ಅಳತೆ ಕೋಲಿನಲ್ಲಿ, ಆರೂವರೆ ಕೋಲೋ ಏಳೂವರೆ ಕೋಲೋ, ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಅಷ್ಟೇ. ಇದನ್ನು ವಿವರಿಸಿದ ದಿನ ನಮ್ಮ ಶಿಕ್ಷಕರು ಕಾಗದ ತೆಗೆದು ಚಿತ್ರ ಬಿಡಿಸಿಕೊಂಡರು.

ಈ ಚಳಿಗಾಲದಲ್ಲಿ ಪಟ್ಟಿಯನ್ನು ಅಡ್ಡ ಇಳಿಜಾರಿನ ತಿರುವುಗಳಿಗೆ ವಿಸ್ತರಿಸುತ್ತಿದ್ದೇನೆ. ಹಲಗೆ ದಾಟುವುದರಲ್ಲಿ ನನ್ನ ಸಮಯ ಈಗ ಏಳು ಸೆಕೆಂಡಿಗೆ ಬಂದಿದೆ, ಕೆಲವೊಮ್ಮೆ ಅದಕ್ಕಿಂತ ಕೆಳಗೆ. ತಿರುವುಗಳು ಮಾತ್ರ ಸುಲಭಕ್ಕೆ ಬಗ್ಗುತ್ತಿಲ್ಲ. ಅಲ್ಲಿ ದೇಹದ ಭಾರ ಎಲ್ಲಿದೆ ಎಂಬುದು ಫೋನಿನ ಚಿತ್ರದಲ್ಲಿ ಸರಿಯಾಗಿ ಕಾಣುವುದಿಲ್ಲ, ಮೂವರ ಅಂಕಗಳೂ ಮೂರು ದಿಕ್ಕಿಗೆ ಹೋಗುತ್ತಿವೆ. ಧಾರವಾಡದ ಹುಡುಗ ಓದು ಮುಗಿಸಿ ಊರಿಗೆ ಮರಳಿದ್ದಾನೆ, ದೃಶ್ಯಗಳನ್ನು ವಾಟ್ಸ್‌ಆ್ಯಪಿನಲ್ಲಿ ಕಳಿಸುತ್ತೇನೆ, ರಾತ್ರಿ ಊಟದ ಹೊತ್ತಿಗೆ ಅಂಕ ಬರುತ್ತದೆ. ಅವನ ಜಾಗಕ್ಕೆ ಸೈಕಲ್ ಬಗ್ಗೆ ಏನೂ ಗೊತ್ತಿಲ್ಲದ ಇನ್ನೊಬ್ಬರನ್ನು ಲುವೆನ್‌ನಲ್ಲೇ ಹುಡುಕುತ್ತಿದ್ದೇನೆ. ಈ ಊರಿನಲ್ಲಿ ಅಂಥವರು ಸಿಗುವುದು ಕಷ್ಟ.